ನಿಂಬೆ ತೋಟಕ್ಕೆ ಹತ್ತು ಟೀ ಶರ್ಟು

ನಮ್ಮ ಕಡೆ ನಿಂಬೆಕಾಯಿ ಹರಿಯಲು ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ. ತುಂಬು ತೋಳಿನದು, ಹಳೆಯದು, ಕಾಲರು ಸವೆದದ್ದು. ಚಂದಕ್ಕಲ್ಲ. ನಿಂಬೆ ಗಿಡದ ಮುಳ್ಳು ಎಲೆಯ ಮರೆಯಲ್ಲಿ ಕಾದು ಕೂತಿರುತ್ತದೆ; ಬರಿಗೈ ಒಳಗೆ ಹಾಕಿದರೆ ಮೊಣಕೈವರೆಗೆ ಗೀರಿಯೇ ಬಿಡುತ್ತದೆ. ಆ ಗೀರಿಗೆ ಕಾಯಿಯ ರಸ ತಾಗಿದರೆ ಹೇಗಿರುತ್ತದೆ ಎಂದು ತಿಳಿಯಬೇಕಾದವರು ಒಂದು ದಿನ ಬಂದು ಹರಿದು ನೋಡಬೇಕು.

ಯಾರು ಯಾರ ಅಂಗಿ ತೊಡಬೇಕು ಎಂಬುದಕ್ಕೂ ಒಂದು ಕಾಯಿದೆಯಿದೆ. ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಮದುವೆಗೆ ಮುಂಚೆ ಅಪ್ಪನದು, ಇಲ್ಲವೇ ಅಣ್ಣನದು. ಮದುವೆಯಾದ ಮೇಲೆ ಗಂಡನದು. ತೋಟದ ಬದುವಿನಲ್ಲಿ ನಿಂತು ನೋಡಿದರೆ ಸಾಕು, ಅಂಗಿಯ ಮೇಲಿಂದಲೇ ಇವಳು ಯಾರ ಮನೆಯವಳು ಎಂದು ಹೇಳಿಬಿಡುತ್ತಾರೆ. ನಾನೂ ಹತ್ತನೇ ಇಯತ್ತೆ ಮುಗಿಯುವವರೆಗೆ ರಜೆಯಲ್ಲಿ ಅಪ್ಪನ ಗೀರುಗೀರಿನ ಅಂಗಿ ತೊಟ್ಟು ಕಾಯಿ ಹರಿದವಳು. ಆಮೇಲೆ ಓದಿ, ಇಂಡಿ ಪೇಟೆಯಲ್ಲೇ ಒಂದು ಶಾಲೆಗೆ ಟೀಚರಾದೆ, ಅಲ್ಲಿಯೇ ಮದುವೆಯೂ ಆಯಿತು. ಅಂಗಿಯ ಕಾಯಿದೆ ಮರೆತೇ ಹೋಗಿತ್ತು.

ಅದು ಮತ್ತೆ ನೆನಪಾದದ್ದು ಅಕ್ಕ ತವರಿಗೆ ಬಂದಾಗ. ಅವಳನ್ನು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಹನ್ನೊಂದು ವರ್ಷ ಬಾಳುವೆ ಮಾಡಿ, ಸಂಕ್ರಾಂತಿ ಮುಗಿದ ವಾರ ಒಂದು ಚೀಲ ಹಿಡಿದುಕೊಂಡು ಬಸ್ಸಿಳಿದು ಬಂದಳು. ಯಾಕೆ ಬಂದಳು ಎಂದು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳದು. ತಿರುಗಿ ಹೋಗುವುದಿಲ್ಲ ಎಂದಳು, ಅಷ್ಟು ಸಾಕು. ಎಂಟು ದಿನ ಮನೆಯಲ್ಲಿ ಕೂತಳು. ಒಂಬತ್ತನೇ ದಿನ ಚಿಗವ್ವನ ಗುಂಪಿನ ಜೊತೆ ಕಾಯಿ ಹರಿಯಲು ಹೋಗುತ್ತೇನೆಂದು ಎದ್ದು ನಿಂತಳು. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅವಳನ್ನೂ ನಮ್ಮೂರಿಗೇ ಕೊಟ್ಟಿದ್ದಾರೆ. ಎಂಟು ಹೆಂಗಸರನ್ನು ಕಟ್ಟಿಕೊಂಡು ಸಾಲೋಟಗಿಯ ಆಚೆಈಚೆ ಇರುವ ತೋಟಗಳಿಗೆಲ್ಲ ಹೋಗುತ್ತಾಳೆ.

ಆವತ್ತು ಭಾನುವಾರ, ನಾನೂ ತವರಲ್ಲೇ ಇದ್ದೆ. ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಗೂಟಕ್ಕೆ ಅವನ ಹಳೆಯ ಅಂಗಿ ನೇತುಬಿದ್ದಿತ್ತು, ಎರಡೂ ಮೊಣಕೈ ಹರಿದು ತೇಪೆ ಹಾಕಿದ್ದು, ಅವನು ತೊಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು.

"ಯಪ್ಪಾ, ಆ ಅಂಗಿ ಕೊಡ್ತಿಯೇನು? ತ್ವಾಟಕ್ಕ ಹೊಂಟೇನಿ" ಎಂದಳು ಅಕ್ಕ.

ಅಪ್ಪ ಅವಳ ಕಡೆ ನೋಡಲಿಲ್ಲ. "ಅದು ಇರ್ಲಿ. ನನಗ ಬೇಕಾಗೈತಿ" ಎಂದ.

ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ, ಬಂದದ್ದು ಯಾಕೆಂದೂ ಕೇಳಲಿಲ್ಲ. ಅವನ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಗಂಡನ ಅಂಗಿ ತೊಡುತ್ತಿದ್ದವಳು ಮತ್ತೆ ಅಪ್ಪನ ಅಂಗಿ ತೊಟ್ಟು ತೋಟಕ್ಕೆ ಹೋದಳೆಂದರೆ, ಮಗಳು ಕಾಯಮ್ಮಾಗಿ ತವರಿಗೆ ಬಂದುಬಿಟ್ಟಳು ಎಂದು ಅಪ್ಪನೇ ಊರಿಗೆ ಡಂಗುರ ಹೊಡೆದ ಹಾಗೆ. ಇವತ್ತಲ್ಲ ನಾಳೆ ಬೀಗರು ಬರುತ್ತಾರೆ, ನಾಲ್ಕು ಹಿರಿಯರು ಕೂತು ರಾಜಿ ಮಾಡಿಸುತ್ತಾರೆ ಎಂದು ಅವನು ನಂಬಿದ್ದ. ಅಂಗಿ ಕೊಟ್ಟರೆ ಆ ನಂಬಿಕೆ ತಾನೇ ಬಿಟ್ಟಂತೆ. ಆ ದಿನದಿಂದ ಅವಳ ಜೊತೆ ಮಾತೂ ನಿಂತಿತು. ಅಕ್ಕ ಬರಿಗೈಯಲ್ಲೇ ಹೋದಳು. ಮುಂದಿನ ಭಾನುವಾರ ನಾನು ಹೋದಾಗ ಅವಳ ಎರಡೂ ಕೈ ಮೊಣಕೈವರೆಗೆ ಗೀರು ಬಿದ್ದು ಕೆಂಪಾಗಿದ್ದವು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮರುದಿನ ಸಂಜೆಯೇ ಇಂಡಿ ಬಜಾರಿಗೆ ಹೋಗಿ ತುಂಬು ತೋಳಿನ ಹೊಸ ಅಂಗಿ ತಂದುಕೊಟ್ಟೆ. ಅಕ್ಕ ಮಡಿಕೆ ಕೂಡ ಬಿಚ್ಚಲಿಲ್ಲ.

"ಯಾರದಂತ ಕೇಳಿದ್ರ ಏನ್ ಹೇಳ್ಲಿ?"

"ನಿಂದು ಅಂತ ಹೇಳು."

"ಹೊಸಾ ಗಂಡಸರ ಅಂಗಿ ಹಾಕ್ಕೊಂಡು ನಂದು ಅಂದ್ರ ಯಾರ್ ನಂಬ್ತಾರ? ಇಲ್ಲದ್ದು ಹುಟ್ಟಸ್ತಾರ. ನೀ ಪ್ಯಾಟ್ಯಾಗ ಇರಾಕಿ, ನಿನಗ ತಿಳಿಯಂಗಿಲ್ಲ."

ಅವಳ ಮಾತು ಸುಳ್ಳಲ್ಲ. ಒಬ್ಬಳಿಗೇ ಅಂಗಿ ಕೊಟ್ಟರೆ ಪ್ರಶ್ನೆ ಅವಳ ಬೆನ್ನು ಹತ್ತುತ್ತದೆ. ಹತ್ತೂ ಮಂದಿಗೆ ಒಂದೇ ಥರದ್ದು ಕೊಟ್ಟರೆ? ಯಾರ ಮನೆಯದು ಎಂದು ಕೇಳಲು ಜಾಗವೇ ಇರುವುದಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಇದು ಹೊಳೆಯಿತು. ಇಂಡಿಯಲ್ಲಿ ಇಳಿಯುವಷ್ಟರಲ್ಲಿ ಗಟ್ಟಿಯೂ ಆಗಿತ್ತು. ಗುಂಡಿಯ ಅಂಗಿ ಹೊಲಿಸಿದರೆ ಮತ್ತೆ ಗಂಡನ ಅಂಗಿಯಂತೆಯೇ ಕಾಣುತ್ತದೆ. ಟೀ ಶರ್ಟೇ ಆಗಬೇಕು, ತುಂಬು ತೋಳಿನದು, ನಮ್ಮ ಅಳತೆಗೆ, ನಮ್ಮ ಬಣ್ಣಕ್ಕೆ.

ಚಿಗವ್ವನಿಗೆ ಹೇಳಿದೆ. ಅವಳಿಗೆ ಯಾಕೆಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ, ಅಕ್ಕನ ಕೈಗೆ ದಿನಾ ಎಣ್ಣೆ ಹಚ್ಚುತ್ತಿದ್ದವಳು ಅವಳೇ. ಆದರೂ ತಕರಾರು ತೆಗೆದಳು.

"ಟೀ ಶರ್ಟ್ ಅಂದ್ರ ತಲಿಯಿಂದ ತೂರಿಸ್ಕೊಳ್ಳೂದಲ್ಲೇನ? ತುರುಬು, ಸೆರಗು, ತಾಳಿ ಎಲ್ಲಾ ಕೂಡಿ ಸಿಕ್ಕೊಂಡ್ರ ಬಿಡಸಾಕ ಮತ್ತ ನಾಕ ಆಳ ಹಚ್ಚಬೇಕು."

ಹೆಂಗಸರು ನಕ್ಕರು. ಆದರೆ ಕೆಲಸದ ಮಾತು ಅದೇ. ಕೊರಳು ಅಗಲ ಇರಬೇಕು, ಎದೆಯವರೆಗೆ ಮೂರು ಗುಂಡಿ ಬೇಕು ಎಂದು ತೀರ್ಮಾನವಾಯಿತು. ಬಣ್ಣದ ಮೇಲೆ ಅರ್ಧ ತಾಸು ಹೋಯಿತು. ಕೇಸರಿ ಎಂದರೆ ಒಂದು ಪಕ್ಷದವರು ಎನ್ನುತ್ತಾರೆ, ನೀಲಿ ಎಂದರೆ ಇನ್ನೊಂದು ಪಕ್ಷದವರು ಎನ್ನುತ್ತಾರೆ, ಬಿಳಿ ಒಂದೇ ದಿನಕ್ಕೆ ಮಾಸುತ್ತದೆ. ಹಳದಿ ಎಂದು ಒಬ್ಬಳು ಅಂದಾಗ ಚಿಗವ್ವ, "ಬುಟ್ಟ್ಯಾಗ ನಮ್ಮನ್ನೂ ತುಂಬಿ ಕಳಸ್ತಾರ" ಎಂದಳು. ಕೊನೆಗೆ ಇಟ್ಟಿಗೆ ಬಣ್ಣಕ್ಕೆ ಬಂದು ನಿಂತೆವು. ಅಕ್ಕ ಮೂಲೆಯಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಳು. ಬೇಡ ಎನ್ನಲಿಲ್ಲವಲ್ಲ, ನನಗೆ ಅಷ್ಟೇ ಬೇಕಾಗಿತ್ತು.

ಇಂಡಿಯಲ್ಲಿ ಎರಡು ಅಂಗಡಿ ತಿರುಗಿದೆ. ಫ್ಲೆಕ್ಸು, ಬ್ಯಾನರು, ಟೀ ಶರ್ಟು ಎಲ್ಲ ಮಾಡುವವರೇ. ಒಬ್ಬ, "ಹತ್ತಕ್ಕ ಯಾರ್ ಮಷಿನ್ ಚಾಲೂ ಮಾಡ್ತಾರ್ರಿ ಟೀಚರ, ಐವತ್ತರ ಇರಬೇಕು" ಎಂದ. ಇನ್ನೊಬ್ಬ ಹತ್ತಾದರೂ ಮಾಡುತ್ತೇನೆಂದ, ಆದರೆ ಮುಂದೆ ಯಾರ ಫೋಟೋ ಹಾಕಲಿ ಎಂದು ಕೇಳಿದ. ಯಾರದೂ ಬೇಡ ಎಂದೆ. ಫೋಟೋ ಇಲ್ಲದ ಟೀ ಶರ್ಟನ್ನು ಯಾರಾದರೂ ಮಾಡಿಸುತ್ತಾರೆಯೇ ಎನ್ನುವಂತೆ ನನ್ನ ಮುಖ ನೋಡಿದ. ತುಂಬು ತೋಳು, ಅಗಲ ಕೊರಳು, ಮೂರು ಗುಂಡಿ ಎಂದು ನಾನು ಹೇಳುತ್ತ ಹೋದ ಹಾಗೆ ಅವನ ಕಣ್ಣು ಮೊಬೈಲಿನ ಕಡೆಗೇ ಹೋಯಿತು. ಆಗದಿದ್ದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ ಎಂದು ಗದರಿ ಹೊರಗೆ ಬಂದೆ.

ಸಿಂದಗಿಯಲ್ಲಿ ಒಬ್ಬರು ಕಡಿಮೆ ಇದ್ದರೂ ಮಾಡಿಕೊಡುತ್ತಾರೆಂದು ನಮ್ಮ ಶಾಲೆಯ ಹೆಡ್ ಮಾಸ್ತರರು ಹೇಳಿದರು. ಶನಿವಾರ ಮುಂಜಾನೆಯ ಶಾಲೆ. ಮುಗಿಸಿಕೊಂಡು ಬಸ್ಸು ಹಿಡಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ. ಐವತ್ತು ದಾಟಿದ ಮನುಷ್ಯ, ಕಣ್ಣಿಗೆ ದೂರಕ್ಕೂ ಹತ್ತಿರಕ್ಕೂ ಆಗುವ ಚಾಳೀಸು ಕನ್ನಡಕ. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿ, ಮೂರು ಥರದ ಬಟ್ಟೆ ತೆಗೆದು ಹರವಿದರು.

"ಇದು ನೋಡ್ರಿ ಈಗ ಭಾಳ ಓಡಾಕತ್ತೈತಿ. ಹಗೂರ ಇರ್ತದ, ಬೆವರು ಹಿಡಿಯಂಗಿಲ್ಲ" ಎಂದು ಮಿರಿಮಿರಿ ಮಿಂಚುವ ಬಟ್ಟೆ ತೋರಿಸಿದರು.

ನಾನು ವ್ಯಾನಿಟಿ ಬ್ಯಾಗಿನಿಂದ ಪೇಪರಿನ ಪೊಟ್ಟಣ ತೆಗೆದೆ. ಒಳಗೆ ಗೇಣುದ್ದದ ನಿಂಬೆ ಟೊಂಗೆ, ಮುಳ್ಳು ಸಮೇತ. ತೋಟದಿಂದಲೇ ಮುರಿದು ತಂದದ್ದು. ಒಂದು ತುಂಡು ಬಟ್ಟೆ ಕೊಡಿ ಎಂದು ಕೇಳಿ, ಮುಂಗೈಗೆ ಸುತ್ತಿಕೊಂಡು ಟೊಂಗೆಯನ್ನು ಅದರ ಮೇಲೆ ಎಳೆದೆ. ಮಿಂಚುವ ಬಟ್ಟೆಯ ನೂಲು ಕಿತ್ತು ಉದ್ದಕ್ಕೆ ಎದ್ದುಬಂತು. ಎರಡನೆಯದರಲ್ಲಿ ಮುಳ್ಳು ನೇರ ಚರ್ಮಕ್ಕೇ ತಾಗಿತು. ಮೂರನೆಯದು ದಪ್ಪ ಹತ್ತಿಯದು. ಎರಡು ಸಲ ಎಳೆದರೂ ಜಗ್ಗಲಿಲ್ಲ.

ಅವರು ಚಾಳೀಸು ತೆಗೆದು ನನ್ನನ್ನೊಮ್ಮೆ, ಟೊಂಗೆಯನ್ನೊಮ್ಮೆ ನೋಡಿದರು. "ಮೂವತ್ತ ವರ್ಷದಾಗ ಗಿರಾಕಿ ಮುಳ್ಳ ತಗೊಂಡ ಬಂದಿದ್ದು ಇದ ಮೊದಲ್ರಿ" ಎಂದರು.

ಅಳತೆಗೂ ಸ್ವಲ್ಪ ಜಗ್ಗಾಟ ನಡೆಯಿತು. ಹೆಣ್ಣುಮಕ್ಕಳಿಗೆ ಮೀಡಿಯಂ ಸಾಕು ಎಂದರು. ಒಳಗೆ ಕುಪ್ಪಸ ಇದೆ, ಸುತ್ತಿದ ಸೆರಗಿದೆ, ಅದರ ಮೇಲೆ ಇದು ಬರಬೇಕು, ಕೈ ಮೇಲೆತ್ತಿದರೆ ಕಂಕುಳು ಬಿಗಿಯಬಾರದು ಎಂದು ನಾನು ಅಲ್ಲೇ ಕೈಯೆತ್ತಿ ಕಾಯಿ ಹರಿದು ತೋರಿಸಿದೆ. ದೊಡ್ಡ ಸೈಜೇ ಆಗಲಿ ಎಂದು ಒಪ್ಪಿದರು. ಆಮೇಲೆ ನನ್ನ ತಲೆಯಲ್ಲೇ ಇರದ ಒಂದು ಪ್ರಶ್ನೆ ಕೇಳಿದರು.

"ಹತ್ತೂ ಒಂದ ಥರ ಅದಾವ. ಒಗದ ಹಾಕಿದ ಮ್ಯಾಲ ಯಾರದ ಯಾವದು ಅಂತ ಹೆಂಗ ಗುರ್ತ ಹಿಡಿತಾರ? ಬೆನ್ನಿಗೆ ಹೆಸರ ಹಾಕ್ಲ್ಯಾ?"

ನನಗೆ ಕುಣಿಯುವಷ್ಟು ಖುಷಿಯಾಯಿತು. ಊರ ತುಂಬ ಬೀಜದ ಕಂಪನಿಯ ಹೆಸರು, ಔಷಧ ಕಂಪನಿಯ ಹೆಸರು, ಆರಿಸಿ ಬಂದವರ ಹೆಸರು ಬೆನ್ನ ಮೇಲೆ ಹೊತ್ತು ತಿರುಗುತ್ತಾರೆ. ನಮ್ಮವರು ತಮ್ಮ ಹೆಸರು ಹೊರಲಿ. ಅವರು ಪ್ಯಾಡು ಕೊಟ್ಟರು. ಅಲ್ಲೇ ಗಲ್ಲೆಯ ಮೇಜಿನ ಮೇಲೆ ಬಾಗಿ ಹತ್ತೂ ಹೆಸರು ಬರೆದೆ. ಐದು ನಿಮಿಷ ಹಿಡಿಯಲಿಲ್ಲ. ಮಕ್ಕಳ ಹಾಜರಿ, ಪಾಲಕರ ಯಾದಿ, ಮದುವೆ ಕಾರ್ಡಿನ ಹೆಸರು ಬರೆದು ಬರೆದು ಪಳಗಿದ ಕೈ ನನ್ನದು. ತಿರುಗಿ ಓದಿ ನೋಡಬೇಕು ಎನಿಸಲಿಲ್ಲ.

ಹದಿನೈದು ದಿನಕ್ಕೆ ಫೋನ್ ಬಂತು. ಹೋಗಿ ಗಂಟು ತಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವಳು ಬಿಚ್ಚಿ ನೋಡಲಿಲ್ಲ. ಎಲ್ಲರೂ ಕೂಡಿಯೇ ಬಿಚ್ಚಲಿ ಎಂಬ ಆಸೆ. ಭಾನುವಾರ ಸಂಜೆ ಚಿಗವ್ವನ ಅಂಗಳದಲ್ಲಿ ಹತ್ತೂ ಮಂದಿ ಸೇರಿದರು. ಒಂದೊಂದೇ ತೆಗೆದು ಹೆಸರು ಓದಿ ಕೊಡುತ್ತ ಹೋದೆ. ಬಿಳಿ ಅಕ್ಷರ, ಎರಡು ಸಾಲು. ಮೇಲೆ ಅವರ ಹೆಸರು, ಕೆಳಗೆ ಗಂಡನ ಹೆಸರು ಮತ್ತು ಅಡ್ಡಹೆಸರು. ನಮ್ಮಲ್ಲಿ ಹೆಂಗಸರ ಹೆಸರು ಬರೆಯುವುದೇ ಹಾಗೆ. ರೇಷನ್ ಕಾರ್ಡಿನಲ್ಲಿ, ಓಟಿನ ಯಾದಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ. ನನ್ನದೂ ಹಾಗೆಯೇ ಇದೆ.

ಅವರಿಗೆ ಸಂಭ್ರಮವೋ ಸಂಭ್ರಮ. "ಬಾಯಿಂದ ಗಂಡನ ಹೆಸರ ಅನ್ನಬಾರದು ಅಂತಿದ್ರು, ಈಗ ಬೆನ್ನ ಮ್ಯಾಲ ಹೊತಗೊಂಡ ಅಡ್ಡಾಡೂದ ಬಂತು" ಎಂದು ಒಬ್ಬಳು. "ಹೊರೂದು ಹೊಸಾದೇನ" ಎಂದು ಇನ್ನೊಬ್ಬಳು. ನಗೆಯಲ್ಲಿ ನಾನೂ ಸೇರಿದ್ದೆ. ಒಂಬತ್ತು ಮುಗಿದು ಹತ್ತನೆಯದನ್ನು ತೆಗೆದು ಬಿಡಿಸಿದೆ. ಅಕ್ಕನ ಹೆಸರು ಓದಿದೆ. ಕೆಳಗಿನ ಸಾಲು ಬಾಯಿಯಿಂದ ಹೊರಡಲಿಲ್ಲ.

ಅವಳು ಹನ್ನೊಂದು ವರ್ಷ ತಡೆದು ಬಿಟ್ಟುಬಂದ ಮನುಷ್ಯನ ಹೆಸರು, ಬೆಳ್ಳಗೆ, ದುಂಡಗೆ, ಒಂದು ಕಾಗುಣಿತವೂ ತಪ್ಪದೆ ಬಂದಿತ್ತು. ತಪ್ಪು ಅಂಗಡಿಯವರದಲ್ಲ. ನಾನೇ ಬರೆದುಕೊಟ್ಟದ್ದು. ಅಪ್ಪ ಒಂದು ಅಂಗಿ ಕೊಡಲಿಲ್ಲವೆಂದು ಎರಡು ತಿಂಗಳು ಹಲ್ಲು ಕಡಿದವಳು ನಾನು. ಅವಳಿಗೆಂದೇ ಊರೂರು ತಿರುಗಿದವಳು ನಾನು. ಕೈಗೆ ಪೆನ್ನು ಸಿಕ್ಕ ಕೂಡಲೇ ಅವಳನ್ನು ಒಯ್ದು ಅದೇ ಗಂಡನ ಹೆಸರಿನ ಪಕ್ಕ ಕೂರಿಸಿದವಳೂ ನಾನೇ.

ಅಕ್ಕ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದಳು. "ಇರ್ಲಿ ಬಿಡು. ಬೆನ್ನಿಗೆ ಐತಿ, ನನಗೇನ ಕಾಣಂಗಿಲ್ಲ" ಎಂದಳು.

"ಕಾಣೂದಿಲ್ಲ ಅಂತ ಹಾಕ್ಕೊಂತಿಯೇನು?"

"ಮತ್ತ ಎಷ್ಟ ತಿರಗತಿ? ತಿರುವಿ ಹಾಕ್ಕೊಂತೇನಿ. ಹೊಲಗಿ ಹೊರಗ ಕಂಡ್ರ ಕಾಣ್ಲಿ ಬಿಡು."

ಮರುದಿನ ಹಾಗೆಯೇ ಹೋದಳಂತೆ, ಒಳಗಿನದು ಹೊರಗೆ ಮಾಡಿ. ಒಂಬತ್ತು ಮಂದಿ ನೆಟ್ಟಗೆ, ಇವಳೊಬ್ಬಳು ತಿರುವಿಹಾಕಿ. ಯಾರೂ ಏನೂ ಕೇಳಬಾರದು ಎಂದು ನಾನು ಮಾಡಿಸಿದ ಅಂಗಿಯಿಂದ ಎಲ್ಲರ ಕಣ್ಣೂ ಅವಳ ಮೇಲೆಯೇ. ತೋಟದ ಮಾಲೀಕನೂ ಕೇಳಿದನಂತೆ. ಚಿಗವ್ವ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಶಾಲೆಗೆ ಒಂದು ದಿನದ ರಜೆ ಬರೆದೆ.

ಸಿಂದಗಿಯ ಅಂಗಡಿಯವರು ಕೇಳಿ ತಲೆಯಾಡಿಸಿದರು. ಒಮ್ಮೆ ಕಾಯಿಸಿ ಒತ್ತಿದ ಅಕ್ಷರ ಕಿತ್ತರೆ ಬಟ್ಟೆಯೇ ಹೋಗುತ್ತದೆ. ಹೊಸದು ಮಾಡಬೇಕೆಂದರೆ ಆ ದಪ್ಪ ಬಟ್ಟೆಯ ಇಟ್ಟಿಗೆ ಬಣ್ಣ ಅವರಲ್ಲಿ ಉಳಿದಿಲ್ಲ, ಒಂದಕ್ಕೋಸ್ಕರ ತರಿಸಲೂ ಆಗುವುದಿಲ್ಲ. "ಕಪ್ಪಂದು ಐತಿ, ನಡಿತದೇನ್ರಿ?" ಎಂದರು. ನಡೆಯುವುದಿಲ್ಲ ಎಂದೆ. ಒಂಬತ್ತು ಇಟ್ಟಿಗೆ ಬಣ್ಣದ ನಡುವೆ ಒಂದು ಕಪ್ಪು ಎಂದರೆ ತಿರುವಿಹಾಕಿದ್ದಕ್ಕಿಂತ ಹೆಚ್ಚೇನೂ ಬೇರೆಯಲ್ಲ. ನಾನು ಏಳುವ ಲಕ್ಷಣ ಕಾಣದೆ ಅವರೇ ಫೋನು ಹಚ್ಚಿದರು. ಮೂರನೇ ಫೋನಿಗೆ ಸಿಕ್ಕಿತು. ಬಸವನ ಬಾಗೇವಾಡಿಯ ಅಂಗಡಿಯೊಂದರಲ್ಲಿ, ಗೊಳಸಂಗಿಯ ಹುಡುಗರ ತಂಡಕ್ಕೆ ಮಾಡಿದ ಅದೇ ಬಟ್ಟೆಯ ಅದೇ ಬಣ್ಣದ ತುಂಬು ತೋಳಿನದು ಒಂದು ಉಳಿದಿತ್ತು, ಬರೆಯದೆ.

ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿ ಮುಟ್ಟುವಾಗ ಮಧ್ಯಾಹ್ನ ಎರಡು. ಊಟ ಮಾಡಿರಲಿಲ್ಲ. ಅಂಗಡಿಯಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರಿನ ಮುಂದೆ ಕೂತು ಅಕ್ಕನ ಹೆಸರು ಟೈಪು ಮಾಡಿ, "ಮುಂದ ಏನ್ರಿ ಅಕ್ಕಾರ? ಗಂಡನ ಹೆಸರೋ, ತಂದಿದೋ?" ಎಂದು ಕೇಳಿದಳು.

ತಂದೆಯದು ಎನ್ನಲು ಬಾಯಿ ತೆರೆದಿದ್ದೆ. ತಡೆದೆ. ಒಮ್ಮೆ ಕೇಳದೆ ಬರೆದು ಆಗಿತ್ತು. ಹೊರಗೆ ಬಂದು ಅಕ್ಕನಿಗೆ ಫೋನು ಹಚ್ಚಿದೆ. ತೋಟದಲ್ಲಿದ್ದಳು, ಹಿಂದೆ ಹೆಂಗಸರ ಮಾತು ಕೇಳಿಸುತ್ತಿತ್ತು.

"ಏ ಹುಚ್ಚಿ, ಬಾಗೇವಾಡಿಗೆ ಯಾಕ ಹೋದಿ?" ಎಂದಳು ಮೊದಲು. ನಾನು ಕೇಳಬೇಕಾದ್ದನ್ನು ಕೇಳಿದೆ. ಹಿಂದಿನ ಹೆಂಗಸರ ಮಾತು ದೂರವಾಗುತ್ತ ಬಂತು, ಅವಳು ಬದುವಿಗೆ ಸರಿದಿರಬೇಕು.

"ನನ್ನ ಹೆಸರಷ್ಟ ಹಾಕಸು" ಎಂದಳು.

ಒಳಗೆ ಬಂದು ಹೇಳಿದೆ. ಆ ಹೆಣ್ಣುಮಗಳು ಪರದೆಯ ಮೇಲೆ ಎರಡನೇ ಸಾಲು ಅಳಿಸಿದಳು, ತಲೆ ಓರೆ ಮಾಡಿ ನೋಡಿದಳು. "ಒಂದ ಸಾಲಾತಂದ್ರ ಜಾಗ ಭಾಳ ಉಳೀತೈತ್ರಿ. ಅಕ್ಷರ ದೊಡ್ಡಾವ ಮಾಡ್ಲಿ?" ಎಂದಳು. ಮಾಡು ಎಂದೆ. ಎಷ್ಟು ಎಂದು ಕೇಳಿದಳು. ಹಿಡಿಸುವಷ್ಟು ಎಂದೆ. ಮಷಿನ್ನಿನಿಂದ ಹೊರಗೆ ಬಂದಾಗ ಒಂದೊಂದು ಅಕ್ಷರ ನನ್ನ ಅಂಗೈಯಗಲ ಇತ್ತು, ಇನ್ನೂ ಬಿಸಿಯಿತ್ತು.

ಆವತ್ತು ಇಂಡಿಯ ಮನೆಗೆ ಹೋಗದೆ ನೇರ ತವರಿಗೇ ಹೋಗಿ ಇದ್ದುಬಿಟ್ಟೆ. ಮುಂಜಾನೆ ಅಕ್ಕ ಒಳಗಿನ ಕೋಣೆಯಲ್ಲಿ ಅದನ್ನು ತೊಟ್ಟುಕೊಂಡಳು, ತುರುಬು ಸಿಕ್ಕಿಬೀಳದ ಹಾಗೆ ಅವ್ವ ಕೊರಳು ಹಿಗ್ಗಿಸಿ ಹಿಡಿದಳು. ತೋಳು ಮಣಿಕಟ್ಟಿನವರೆಗೆ ಬಂದಿತ್ತು. ಅಕ್ಕ ಎರಡೂ ಕೈ ಮೇಲೆತ್ತಿ ನೋಡಿದಳು, ಎಲ್ಲಿಯೂ ಬಿಗಿಯಲಿಲ್ಲ. ಹೇಗಿದೆ ಎಂದು ನನ್ನನ್ನು ಕೇಳಲಿಲ್ಲ. ಬುತ್ತಿಗಂಟು ತೆಗೆದುಕೊಂಡು ಹೊರಟಳು.

ಅಪ್ಪ ಕಟ್ಟೆಯ ಮೇಲಿದ್ದ. ಅಕ್ಕ ಅವನನ್ನು ದಾಟಿ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಲು ಬಾಗಿದಳು. ಬೆನ್ನು ಅವನ ಕಣ್ಣೆದುರಿಗೇ ಬಂತು. ಅಪ್ಪ ನಾಲ್ಕನೇ ಇಯತ್ತೆ ಕಲಿತವನು. ನಿಧಾನಕ್ಕೆ ಓದಿದ. ಮುಗಿದ ಮೇಲೂ ಕೆಳಗೆ ಇನ್ನೇನಾದರೂ ಇದೆಯೇ ಎಂದು ಹುಡುಕಿದ.

"ನನ್ನ ಹೆಸರ ಯಾಕ ಹಾಕ್ಸಿಲ್ಲ?" ಎಂದ.

ಇಷ್ಟು ತಿಂಗಳಿಗೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಅವ್ವ ಬಾಗಿಲಲ್ಲಿ ನಿಂತೇಬಿಟ್ಟಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು, ಮತ್ತು ಆ ನೋವು ನಿಜವಾದದ್ದೇ.

ಅಕ್ಕ ಚಪ್ಪಲಿ ಮೆಟ್ಟಿ ನೆಟ್ಟಗಾದಳು.

"ನಾ ಅಂಗಿ ಬೇಡಿದ್ದೆ ಯಪ್ಪಾ, ಹೆಸರಲ್ಲ" ಎಂದಳು.

ಬೀದಿಯ ತುದಿಗೆ ಟಂಟಂ ಆಟೊ ಬಂದು ನಿಂತಿತ್ತು, ಒಳಗೆ ಚಿಗವ್ವ ಜಾಗ ಬಿಡಿಸುತ್ತಿದ್ದಳು. ಅಕ್ಕ ಅವಸರ ಮಾಡದೆ ನಡೆದು ಹೋದಳು. ಅಕ್ಷರಗಳು ಅಷ್ಟು ದೂರಕ್ಕೂ ಕಾಣುತ್ತಿದ್ದವು. ಅಪ್ಪನ ಕೈಯಲ್ಲಿ ಚಹಾ ಆರುತ್ತಿತ್ತು. ಅವಳು ಹತ್ತಿ ಕೂತು ಗಾಡಿ ತಿರುಗುವವರೆಗೆ ಅವನು ಮಗಳ ಹೆಸರನ್ನು ಓದುತ್ತಲೇ ಇದ್ದ.